ಹಿಮದಲ್ಲಿ ಮಳೆಯನ್ನು ಓದಿದವನು: ಹೆನ್ರಿ ಫ್ರಾನ್ಸಿಸ್ ಬ್ಲ್ಯಾನ್‌ಫರ್ಡ್

ಕನ್ನಡನಾಡಿನಲ್ಲಿ ಹಿಮ ಬೀಳುವ ಬೆಟ್ಟವೊಂದೂ ಇಲ್ಲ. ಮಾಗಿಯ ಮುಂಜಾವಿನ ಮಬ್ಬಿಗೂ ಕೈಲಾಸದ ನೆತ್ತಿಯ ಬಿಳುಪಿಗೂ ನಾವು ಮಂಜು ಎಂಬ ಒಂದೇ ಮಾತನ್ನು ಬಳಸಿ ತೃಪ್ತರಾಗಿದ್ದೇವೆ. ಬೆಂಗಳೂರಿನ ಪೂರ್ವಕ್ಕಿರುವ ಕುಂದಲಹಳ್ಳಿಯ ಕೆರೆಯ ಏರಿಯ ಮೇಲೆ ನಿಂತವನಿಗೆ ಹಿಮಾಲಯದ ನೆನಪು ಬರಲು ಮೇಲುನೋಟಕ್ಕೆ ಯಾವ ಕಾರಣವೂ ಕಾಣುವುದಿಲ್ಲ. ಆ ಕೆರೆಗೆ ಜೀವನದಿಯ ಆಸರೆಯಿಲ್ಲ. ಮುಗಿಲು ಕೊಟ್ಟರೆ ಉಂಟು, ಕೊಡದಿದ್ದರೆ ಇಲ್ಲ. ಹಿಂದೆ ಅದರ ಕೆಳಗೆ ಗದ್ದೆಗಳಿದ್ದವು. ಇಂದು ಅದರ ಸುತ್ತ ಗಾಜಿನ ಗೋಡೆಯ ಕಚೇರಿಗಳೂ ಅಂತಸ್ತಿನ ಮನೆಗಳೂ ಎದ್ದಿವೆ. ಆದರೂ ಜ್ಯೇಷ್ಠ ಮಾಸ ಬಂತೆಂದರೆ ಏರಿಯ ಮೇಲೆ ನಡೆಯುವವರು ತಲೆಯೆತ್ತಿ ನೋಡುವುದು ಅಂದಿನ ರೈತನು ನೋಡಿದ ಪಡುವಣ ದಿಕ್ಕನ್ನೇ.

ಈ ಬಾರಿ ಮಳೆ ಬಂದೀತೆ ಎಂಬುದು ಅಂದಿನಿಂದ ಇಂದಿನವರೆಗೂ ಉಳಿದುಬಂದಿರುವ ಪ್ರಶ್ನೆ. ಪಂಚಾಂಗವು ಅದಕ್ಕೆ ತನ್ನದೇ ಉತ್ತರವನ್ನು ಕೊಡುತ್ತಿತ್ತು. ಸಾವಿರಾರು ಮೈಲಿ ದೂರದ ಹಿಮಾಲಯದ ಮೇಲೆ ಚಳಿಗಾಲದಲ್ಲಿ ಎಷ್ಟು ಹಿಮ ಬಿದ್ದಿದೆ, ಅದು ಯಾವಾಗ ಕರಗುತ್ತಿದೆ ಎಂಬುದನ್ನು ಕೇಳಿಕೊಂಡು ಅದೇ ಪ್ರಶ್ನೆಗೆ ಬೇರೊಂದು ಬಗೆಯ ಉತ್ತರವನ್ನು ಹುಡುಕಿದವನು ಹೆನ್ರಿ ಫ್ರಾನ್ಸಿಸ್ ಬ್ಲ್ಯಾನ್‌ಫರ್ಡ್. ಭಾರತದ ಹವಾಮಾನ ಇಲಾಖೆಯ ಮೊದಲ ಮುಖ್ಯಾಧಿಕಾರಿ ಈತ. ಈತನ ಉತ್ತರವು ಪೂರ್ಣವಾಗಿ ಸರಿಯಾಗಿರಲಿಲ್ಲ. ಆದರೆ ಅಷ್ಟು ಫಲವತ್ತಾದ ಅರೆತಪ್ಪುಗಳು ವಿಜ್ಞಾನದ ಚರಿತ್ರೆಯಲ್ಲಿ ವಿರಳ.

ಬ್ಲ್ಯಾನ್‌ಫರ್ಡನು ಜನಿಸಿದುದು 1834ರಲ್ಲಿ, ಲಂಡನ್ ನಗರದಲ್ಲಿ. ಅವನ ಅಣ್ಣ ವಿಲಿಯಂ ಥಾಮಸ್ ಬ್ಲ್ಯಾನ್‌ಫರ್ಡನೂ ಮುಂದೆ ಭೂವಿಜ್ಞಾನದಲ್ಲಿಯೂ ಪ್ರಾಣಿಶಾಸ್ತ್ರದಲ್ಲಿಯೂ ಹೆಸರು ಪಡೆದವನು. ಸೋದರರಿಬ್ಬರೂ ಲಂಡನ್ನಿನ ಗಣಿಶಾಸ್ತ್ರದ ಶಾಲೆಯಲ್ಲಿ ಓದಿದರು. ಹೆನ್ರಿಯು ಜರ್ಮನಿಯ ಸ್ಯಾಕ್ಸನಿ ಪ್ರಾಂತದ ಫ್ರೈಬರ್ಗಿನಲ್ಲಿದ್ದ ಹೆಸರಾಂತ ಗಣಿವಿದ್ಯಾಲಯದಲ್ಲಿಯೂ ಕೆಲಕಾಲ ಅಭ್ಯಾಸ ಮಾಡಿದನು. 1855ರಲ್ಲಿ ಇಬ್ಬರೂ ಒಟ್ಟಿಗೆ ಹಡಗು ಹತ್ತಿ ಭಾರತದ ಭೂಸರ್ವೇಕ್ಷಣ ಇಲಾಖೆಯ ಕೆಲಸಕ್ಕಾಗಿ ಕಲ್ಕತ್ತೆಯಲ್ಲಿ ಬಂದಿಳಿದರು. ಆಗ ಹೆನ್ರಿಗೆ ಇಪ್ಪತ್ತೊಂದು ವರ್ಷ.

ಅವರಿಗೆ ವಹಿಸಿದ ಮೊದಲ ಕೆಲಸ ಒರಿಸ್ಸದ ತಾಲ್ಚೇರಿನ ಕಲ್ಲಿದ್ದಲ ನೆಲವನ್ನು ಪರಿಶೀಲಿಸುವುದು. ಇದ್ದಲಿನ ಪದರಗಳ ಅಡಿಯಲ್ಲಿ ಅವರಿಗೊಂದು ವಿಚಿತ್ರ ದೃಶ್ಯ ಕಂಡಿತು. ನಯವಾದ ಕೆಸರಿನಿಂದಾದ ಶಿಲೆಯ ನಡುವೆ ಎಲ್ಲಿಂದಲೋ ಬಂದು ಸೇರಿದ ದೊಡ್ಡ ದೊಡ್ಡ ಗುಂಡುಕಲ್ಲುಗಳು ಹೂತುಕೊಂಡಿದ್ದವು. ಇಷ್ಟು ಭಾರದ ಬಂಡೆಗಳನ್ನು ಹೊತ್ತು ತರಬಲ್ಲ ಪ್ರವಾಹವು ಆ ನಯವಾದ ಕೆಸರನ್ನು ಅಲ್ಲಿ ಉಳಿಯಗೊಡುತ್ತಿರಲಿಲ್ಲ. ಬಂಡೆಗಳನ್ನು ತಂದು ಇಳಿಸಿದುದು ಹಿಮವೇ ಇರಬೇಕೆಂದು ಆ ತರುಣರು ಸೂಚಿಸಿದರು. ಬೇಸಿಗೆಯಲ್ಲಿ ನೆಲ ಕಾದ ಹಂಚಿನಂತಾಗುವ ಒರಿಸ್ಸದಲ್ಲಿ ಹಿಮವೆಂದರೆ ನಂಬುವವರು ಯಾರು? ಆದರೆ ಮುಂದಿನ ಪರಿಶೋಧನೆಗಳು ಆ ಊಹೆಯನ್ನು ಎತ್ತಿಹಿಡಿದವು. ಸುಮಾರು ಮೂವತ್ತು ಕೋಟಿ ವರ್ಷಗಳ ಹಿಂದೆ ಭಾರತವು ಗೊಂಡ್ವಾನವೆಂಬ ದಕ್ಷಿಣದ ಮಹಾಖಂಡದ ಭಾಗವಾಗಿದ್ದು, ಅದರ ಮೇಲೆ ಹಿಮನದಿಗಳು ಹರಿದಿದ್ದವೆಂಬುದು ಇಂದು ಪಠ್ಯಪುಸ್ತಕದ ಮಾತಾಗಿದೆ. ಹೀಗೆ ಬ್ಲ್ಯಾನ್‌ಫರ್ಡನ ಭಾರತಜೀವನವು ಹಿಮದ ಒಂದು ಒಗಟಿನಿಂದಲೇ ಪ್ರಾರಂಭವಾಯಿತು. ಅದು ಮುಗಿದುದೂ ಹಿಮದ ಇನ್ನೊಂದು ಒಗಟಿನೊಡನೆಯೇ.

ಅನಂತರ ಅವನು ದಕ್ಷಿಣಕ್ಕೆ ಬಂದನು. ನಮ್ಮ ಗಡಿಗೆ ಅಂಟಿಕೊಂಡಿರುವ ನೀಲಗಿರಿಯ ಶಿಲಾರಚನೆಯನ್ನು ಕುರಿತು ಬರೆದನು. ತಿರುಚಿನಾಪಳ್ಳಿಯ ಸೀಮೆಯಲ್ಲಿ ಹಳೆಯ ಸಮುದ್ರದ ಶಂಖ ಚಿಪ್ಪುಗಳು ಕಲ್ಲಾಗಿ ಉಳಿದಿರುವ ಪದರಗಳನ್ನು ವಿಂಗಡಿಸಿದನು. ಬಿಸಿಲಿನಲ್ಲಿ ಅಲೆದು ಅಲೆದು ದೇಹ ಬಳಲಿತು. 1862ರಲ್ಲಿ ಸರ್ವೇಕ್ಷಣ ಇಲಾಖೆಯನ್ನು ಬಿಟ್ಟು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಅಧ್ಯಾಪಕನಾದನು. ಭಾರತದ ಶಾಲೆಗಳ ಬಾಲಕರಿಗೆಂದೇ ಪ್ರಾಕೃತಿಕ ಭೂಗೋಳದ ಪಾಠಪುಸ್ತಕವೊಂದನ್ನು ಬರೆದನು. ಇಂಗ್ಲೆಂಡಿನ ಮೋಡ ಮಳೆಗಳ ವರ್ಣನೆಯನ್ನು ನಮ್ಮ ಹುಡುಗರ ಬಾಯಿಗೆ ತುರುಕುತ್ತಿದ್ದ ಕಾಲದಲ್ಲಿ ಈ ನೆಲದ ಗಾಳಿ ಮಳೆಗಳಿಂದಲೇ ಪಾಠ ಹೇಳಹೊರಟ ಉಪಾಧ್ಯಾಯನನ್ನು ಶಿಕ್ಷಕವರ್ಗದವರು ವಿಶೇಷವಾಗಿ ನೆನೆಯಬೇಕು.

ಭೂಗರ್ಭವನ್ನು ನೋಡುತ್ತಿದ್ದ ಆ ಕಣ್ಣು ಆಕಾಶದ ಕಡೆಗೆ ತಿರುಗಿದುದು ಒಂದು ದುರಂತದಿಂದ. 1864ರ ಅಕ್ಟೋಬರ್ 5ರಂದು ಚಂಡಮಾರುತವೊಂದು ಕಲ್ಕತ್ತೆಯ ಮೇಲೆ ಬಂದೆರಗಿತು. ಹೂಗ್ಲಿ ನದಿಯೊಳಕ್ಕೆ ನುಗ್ಗಿದ ಸಮುದ್ರದ ನೀರು ದಡದ ಹಳ್ಳಿಗಳನ್ನು ಕೊಚ್ಚಿಕೊಂಡು ಹೋಯಿತು. ಬಂದರಿನ ಹಡಗುಗಳು ಹಗ್ಗ ಹರಿದು ಒಂದರ ಮೇಲೊಂದು ಬಿದ್ದವು. ಸತ್ತವರು ಹತ್ತಾರು ಸಾವಿರ ಮಂದಿ. ಆ ಚಂಡಮಾರುತವನ್ನು ಕುರಿತ ವರದಿಯನ್ನು ಸಿದ್ಧಪಡಿಸಿದ ಇಬ್ಬರಲ್ಲಿ ಬ್ಲ್ಯಾನ್‌ಫರ್ಡನೊಬ್ಬನು. ಎರಡು ವರ್ಷಗಳ ಬಳಿಕ ಒರಿಸ್ಸದಲ್ಲಿ ಭೀಕರವಾದ ಕ್ಷಾಮವುಂಟಾಯಿತು. ಗಾಳಿ ಮಳೆಗಳ ಲೆಕ್ಕವಿಡದ ಸರ್ಕಾರವು ಕಣ್ಣು ಕಟ್ಟಿಕೊಂಡು ನಡೆಯುವವನಂತೆ ಎಂಬುದು ಆಳುವವರಿಗೂ ಅರಿವಾಯಿತು. 1867ರಲ್ಲಿ ಬ್ಲ್ಯಾನ್‌ಫರ್ಡನು ಬಂಗಾಳ ಸರ್ಕಾರದ ಹವಾಮಾನ ವರದಿಗಾರನಾದನು. 1875ರಲ್ಲಿ ಇಡೀ ದೇಶಕ್ಕೆ ಒಂದೇ ಹವಾಮಾನ ಇಲಾಖೆ ಏರ್ಪಟ್ಟಾಗ ಅದರ ಚುಕ್ಕಾಣಿ ಅವನ ಕೈಗೆ ಬಂದಿತು.

ಹೊಸ ಇಲಾಖೆಯ ಕೆಲಸ ಸುಲಭದ್ದಾಗಿರಲಿಲ್ಲ. ಒಂದೊಂದು ಪ್ರಾಂತದಲ್ಲಿ ಒಂದೊಂದು ಬಗೆಯ ಉಪಕರಣ. ಒಂದೆಡೆ ಬೆಳಗ್ಗೆ ನೋಡಿದರೆ ಇನ್ನೊಂದೆಡೆ ಮಧ್ಯಾಹ್ನ ನೋಡುವ ಪದ್ಧತಿ. ಉಷ್ಣಮಾಪಕವನ್ನು ಎಲ್ಲಿ ತೂಗುಹಾಕಬೇಕು, ವಾಯುಭಾರವನ್ನು ಹೇಗೆ ಸರಿತೂಗಿಸಿ ಬರೆಯಬೇಕು ಎಂಬುದನ್ನೆಲ್ಲ ಅವನು ಗೊತ್ತುಮಾಡಿ, ವೀಕ್ಷಕರಿಗಾಗಿ ಕೈಪಿಡಿಯನ್ನು ರಚಿಸಿದನು. ಅಂಕಿಗಳು ಒಂದೇ ಭಾಷೆಯನ್ನು ಆಡದಿದ್ದರೆ ಅವುಗಳಿಂದ ಯಾವ ಕಥೆಯೂ ಹೊರಡದೆಂದು ಅವನು ಬಲ್ಲವನಾಗಿದ್ದನು.

ಇಲಾಖೆಗೆ ಒಂದು ವರ್ಷ ತುಂಬಿತೋ ಇಲ್ಲವೋ, ದಕ್ಷಿಣ ಭಾರತದಲ್ಲಿ ಮಳೆ ಕೈಕೊಟ್ಟಿತು. ನಮ್ಮ ಹಿರಿಯರು ಧಾತು ಈಶ್ವರದ ಬರ ಎಂದು ಎರಡು ಸಂವತ್ಸರಗಳ ಹೆಸರಿನಿಂದ ಕರೆಯುತ್ತಿದ್ದ ಆ ಮಹಾಕ್ಷಾಮವು 1876ರಿಂದ 1878ರವರೆಗೆ ಮೈಸೂರು ಸೀಮೆಯನ್ನೂ ಮದರಾಸು ಮುಂಬಯಿ ಆಧಿಪತ್ಯಗಳನ್ನೂ ಹಿಂಡಿತು. ಕೆರೆಗಳ ನಾಡಾದ ಬೆಂಗಳೂರು ಕೋಲಾರ ಜಿಲ್ಲೆಗಳಲ್ಲಿ ಕೆರೆಗಳು ಬತ್ತಿದವು, ದನಕರುಗಳು ಹೋದವು, ಜನ ಗುಳೆ ಹೊರಟು ಹಾದಿಯಲ್ಲಿಯೇ ಬಿದ್ದರು. ಮೈಸೂರು ಸಂಸ್ಥಾನದಲ್ಲಿ 1871ರ ಜನಗಣತಿಯ ವೇಳೆಗೆ ಐವತ್ತು ಲಕ್ಷಕ್ಕೆ ಮೇಲ್ಪಟ್ಟು ಜನರಿದ್ದರು. 1881ರಲ್ಲಿ ಎಣಿಸಿದಾಗ ಸಿಕ್ಕಿದವರು ಸುಮಾರು ನಲವತ್ತೆರಡು ಲಕ್ಷ. ಹತ್ತು ವರ್ಷಗಳಲ್ಲಿ ಹೆಚ್ಚಬೇಕಾಗಿದ್ದ ಸಂಖ್ಯೆಯು ಎಂಟು ಲಕ್ಷಕ್ಕೂ ಮಿಗಿಲಾಗಿ ಕುಗ್ಗಿತ್ತು. ಈ ಅಂಕಿಗಿಂತ ದೊಡ್ಡ ಶೋಕಗೀತೆಯನ್ನು ಯಾವ ಕವಿಯೂ ಬರೆಯಬೇಕಾಗಿಲ್ಲ.

1877ರಲ್ಲಿ ಮಳೆಯ ಅಭಾವವು ಉತ್ತರಕ್ಕೂ ಹಬ್ಬಿತು. ಆ ವರ್ಷ ವಾಯವ್ಯ ಹಿಮಾಲಯದಲ್ಲಿ ಹಿಮವು ಅತಿಯಾಗಿ ಬಿದ್ದು, ವಸಂತ ಕಳೆದರೂ ಕರಗದೆ ಉಳಿದಿದ್ದುದನ್ನು ಬ್ಲ್ಯಾನ್‌ಫರ್ಡನು ಗಮನಿಸಿದನು. ಬೇರೆ ವರ್ಷಗಳ ವರದಿಗಳನ್ನು ತೆಗೆದು ಇಟ್ಟು ನೋಡಿದನು. ಬೆಟ್ಟದ ಮೇಲೆ ಹಿಮವು ಹೆಚ್ಚಾಗಿ, ತಡವಾಗಿ ಬಿದ್ದ ವರ್ಷಗಳಲ್ಲಿ ಬಯಲಿನ ಮೇಲೆ ಒಣಗಾಳಿಯು ಹೆಚ್ಚು ಕಾಲ ಬೀಸುತ್ತದೆ, ಮುಂಗಾರು ಹಿಂಜರಿಯುತ್ತದೆ ಎಂಬ ಸಂಬಂಧವೊಂದು ಅವನಿಗೆ ಹೊಳೆಯಿತು. ಈ ವಿಚಾರವನ್ನು 1884ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದೆ ಪ್ರಬಂಧರೂಪವಾಗಿ ಮಂಡಿಸಿದನು. ಆ ಸಂಸ್ಥೆಯು ಅದಕ್ಕೆ ಮೊದಲೇ, 1880ರಲ್ಲಿ, ಅವನನ್ನು ತನ್ನ ಸದಸ್ಯನನ್ನಾಗಿ ಆರಿಸಿಕೊಂಡಿತ್ತು.

ಅವನ ತರ್ಕದ ಸರಣಿಯನ್ನು ವಿದ್ಯಾರ್ಥಿಗಳು ಸುಲಭವಾಗಿ ಗ್ರಹಿಸಬಹುದು. ಬೇಸಿಗೆಯಲ್ಲಿ ಭೂಮಿ ಕಾಯುತ್ತದೆ. ಅದರ ಮೇಲಣ ಗಾಳಿ ಹಗುರವಾಗಿ ಮೇಲೇರುತ್ತದೆ. ಆ ತೆರವನ್ನು ತುಂಬಲು ಸಮುದ್ರದ ತೇವಗಾಳಿಯು ಒಳನಾಡಿಗೆ ನುಗ್ಗುತ್ತದೆ. ಮುಂಗಾರಿನ ಒಂದು ಮುಖ್ಯ ಪ್ರೇರಣೆ ಇದು. ಆದರೆ ಹೊಸ ಹಿಮವು ತನ್ನ ಮೇಲೆ ಬಿದ್ದ ಬಿಸಿಲಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗಿಂತಲೂ ಹೆಚ್ಚನ್ನು ಕನ್ನಡಿಯಂತೆ ಹಿಂದಕ್ಕೆ ಎಸೆಯುತ್ತದೆ. ಹೀರಿಕೊಂಡ ಶಾಖವಾದರೂ ನೆಲವನ್ನು ಕಾಯಿಸುವುದಿಲ್ಲ. ಒಂದು ಗ್ರಾಂ ಹಿಮವನ್ನು ಬರಿದೆ ನೀರಾಗಿಸಲು ಸುಮಾರು ಎಂಬತ್ತು ಕ್ಯಾಲೊರಿ ಶಾಖ ವ್ಯಯವಾಗುತ್ತದೆ. ಆ ನೀರು ಹಿಮದಷ್ಟೇ ತಣ್ಣಗಿರುತ್ತದೆ. ಹೀಗಾಗಿ ಹಿಮ ಹೊದ್ದ ಬೆಟ್ಟವು ಬೇಸಿಗೆಯಲ್ಲಿಯೂ ತಂಪಾಗಿದ್ದು, ಅಲ್ಲಿಯ ಭಾರವಾದ ಒಣಗಾಳಿಯು ಬಯಲಿಗೆ ಇಳಿದು ಬರುತ್ತದೆ. ಕಡಲಿನಿಂದ ಬರಬೇಕಾದ ಅತಿಥಿಗೆ ಬಾಗಿಲು ತಡವಾಗಿ ತೆರೆಯುತ್ತದೆ.

ಕ್ಷಾಮವಿಚಾರಣೆಯ ಆಯೋಗವು ಮಳೆಯ ಮುನ್ಸೂಚನೆಗಾಗಿ ಒತ್ತಾಯಿಸುತ್ತಿದ್ದ ಕಾಲವದು. 1882ರಿಂದ 1885ರವರೆಗೆ ಬ್ಲ್ಯಾನ್‌ಫರ್ಡನು ಹಿಮದ ವರದಿಗಳನ್ನು ಆಧರಿಸಿ ಪರೀಕ್ಷಾರ್ಥವಾಗಿ ಕೆಲವು ಮುನ್ಸೂಚನೆಗಳನ್ನು ಮಾಡಿದನು. ಅವನು ಹೀಗೆ ಎಚ್ಚರಿಕೆಯಿಂದ ಹೆಜ್ಜೆಯಿಡತೊಡಗಿದ 1882ನೆಯ ವರ್ಷವೇ ಕುಂದಲಹಳ್ಳಿಯ ಸಮೀಪದ ಬಯಲಿನಲ್ಲಿ ಮೈಸೂರಿನ ಚಾಮರಾಜೇಂದ್ರ ಒಡೆಯರು ಕೊಟ್ಟ ಭೂಮಿಯ ಮೇಲೆ ಆಂಗ್ಲೋ ಇಂಡಿಯನ್ ಕುಟುಂಬಗಳ ಬೇಸಾಯದ ವಸಾಹತು ಹುಟ್ಟಿತು. ಇಂದಿನ ವೈಟ್‌ಫೀಲ್ಡ್ ಅದೇ. ಮಹಾಕ್ಷಾಮ ಮುಗಿದು ನಾಲ್ಕೇ ವರ್ಷಗಳಾಗಿದ್ದ ಆ ಒಣಸೀಮೆಯಲ್ಲಿ ನೇಗಿಲು ಹಿಡಿಯಹೊರಟವರಿಗೆ, ಅವರಿಗಿಂತ ಶತಮಾನಗಳ ಹಿಂದಿನಿಂದ ಅಲ್ಲಿ ರಾಗಿ ಬಿತ್ತುತ್ತಿದ್ದವರಿಗೆ, ಮಳೆಯ ಮಾತು ಜೀವದ ಮಾತಾಗಿತ್ತು. ಬ್ಲ್ಯಾನ್‌ಫರ್ಡನ ಪ್ರಬಂಧವನ್ನು ಅವರಾರೂ ಓದಿರಲಾರರು. ಆದರೆ ಅವನು ಹುಡುಕುತ್ತಿದ್ದ ಉತ್ತರವು ಅವರಿಗೆ ಬೇಕಾದದ್ದೇ ಆಗಿತ್ತು.

ಪರೀಕ್ಷೆಗಳು ಆಶಾದಾಯಕವಾಗಿ ಕಂಡವು. 1886ರ ಜೂನ್ 4ರಂದು ಭಾರತಕ್ಕೂ ಬರ್ಮಕ್ಕೂ ಅನ್ವಯಿಸುವಂತೆ ಮುಂಗಾರಿನ ಮೊದಲನೆಯ ಕ್ರಮಬದ್ಧ ಮುನ್ಸೂಚನೆಯು ಹೊರಟಿತು. ಇಡೀ ಋತುವಿನ ಮಳೆಯನ್ನು ಮುಂಚಿತವಾಗಿ ಹೇಳುವ ಪ್ರಯತ್ನವನ್ನು ಲೋಕದಲ್ಲಿಯೇ ಮೊದಲು ಕೈಗೊಂಡ ದೇಶಗಳಲ್ಲಿ ಭಾರತವೊಂದು. ಆ ದಿನಗಳಲ್ಲಿ ಇಲಾಖೆಗೆ ಸೇರಿದ ಸಹಾಯಕರಲ್ಲಿ ಪಂಜಾಬಿನ ರುಚಿರಾಮ್ ಸಾಹನಿಯೂ ಒಬ್ಬನು. ಅವನ ಮಗ ಬೀರಬಲ್ ಸಾಹನಿಯು ಮುಂದೆ ಗೊಂಡ್ವಾನ ಕಾಲದ ಸಸ್ಯಗಳ ಅಭ್ಯಾಸದಿಂದ ಜಗತ್ಪ್ರಸಿದ್ಧನಾದನು. ಬ್ಲ್ಯಾನ್‌ಫರ್ಡನೂ ಭಾರತದ ಆ ಸಸ್ಯಶಿಲೆಗಳ ವಯಸ್ಸನ್ನೂ ಕಡಲಿನಾಚೆಯ ನಾಡುಗಳೊಡನೆ ಅವುಗಳಿಗಿದ್ದ ನಂಟನ್ನೂ ಕುರಿತು 1875ರಲ್ಲಿ ಬರೆದಿದ್ದನೆಂಬುದನ್ನು ನೆನೆದರೆ ವಿದ್ಯೆಯ ವಂಶಾವಳಿ ಎಂತಹ ಹಾದಿಗಳಲ್ಲಿ ಸಾಗುತ್ತದೆಂದು ಬೆರಗಾಗುತ್ತದೆ.

1888ರಲ್ಲಿ ಬ್ಲ್ಯಾನ್‌ಫರ್ಡನು ನಿವೃತ್ತನಾಗಿ ತಾಯ್ನಾಡಿಗೆ ಮರಳಿದನು. ಭಾರತ, ಸಿಂಹಳ, ಬರ್ಮಗಳ ಹವೆಯನ್ನು ಕುರಿತ ಅವನ ಗ್ರಂಥವು ಮರುವರ್ಷ ಪ್ರಕಟವಾಯಿತು. 1893ರ ಜನವರಿಯಲ್ಲಿ ಇಂಗ್ಲೆಂಡಿನ ಕಡಲತೀರದ ಫೋಕ್‌ಸ್ಟನ್ ಎಂಬ ಊರಿನಲ್ಲಿ, ಅರುವತ್ತು ತುಂಬುವ ಮುನ್ನವೇ, ಅವನು ತೀರಿಕೊಂಡನು.

ಅವನ ವಿಚಾರಕ್ಕೆ ನಿಜವಾದ ಪರೀಕ್ಷೆ ಬಂದುದು ಅವನ ಅನಂತರ. ಉತ್ತರಾಧಿಕಾರಿಯಾದ ಜಾನ್ ಎಲಿಯಟನು ಹಿಮದ ಜೊತೆಗೆ ದೂರದ ಸಮುದ್ರಗಳ ವಾಯುಭಾರವನ್ನೂ ಸೇರಿಸಿ ಮುನ್ಸೂಚನೆಯನ್ನು ವಿಸ್ತರಿಸಿದನು. ಆದರೆ 1899ರಲ್ಲಿ ಒಳ್ಳೆಯ ಮಳೆಯನ್ನು ನಿರೀಕ್ಷಿಸಿದ್ದಾಗ ಘೋರವಾದ ಬರ ಬಂದಿತು. ಪತ್ರಿಕೆಗಳೂ ಸಾರ್ವಜನಿಕರೂ ಇಲಾಖೆಯನ್ನು ಕಟುವಾಗಿ ಟೀಕಿಸಿದರು. 1904ರಲ್ಲಿ ಬಂದ ಗಿಲ್ಬರ್ಟ್ ವಾಕರನು ಗಣಿತಜ್ಞ. ಅವನು ಜಗತ್ತಿನ ನಾನಾ ಕಡೆಯ ಅಂಕಿಗಳನ್ನು ಕಲೆಹಾಕಿ, ಶಾಂತಸಾಗರಕ್ಕೂ ಹಿಂದೂ ಮಹಾಸಾಗರಕ್ಕೂ ನಡುವೆ ವಾಯುಭಾರವು ತಕ್ಕಡಿಯ ತಟ್ಟೆಗಳಂತೆ ಏರಿಳಿಯುತ್ತದೆಂಬುದನ್ನು ಕಂಡುಹಿಡಿದನು. ಇಂದು ಎಲ್ ನಿನೋ ಎಂದು ಹೆಸರಾಗಿರುವ ಶಾಂತಸಾಗರದ ಬಿಸಿನೀರಿನ ವಿದ್ಯಮಾನವು ಆ ತಕ್ಕಡಿಯೊಡನೆ ಹೆಣೆದುಕೊಂಡಿದೆ. 1877ರಲ್ಲಿ ಅದು ಅತ್ಯಂತ ಪ್ರಬಲವಾಗಿತ್ತೆಂದು ಈಗ ತಿಳಿದಿದೆ. ಎಂದರೆ ಬ್ಲ್ಯಾನ್‌ಫರ್ಡನು ಉತ್ತರದ ಬೆಟ್ಟವನ್ನು ನೋಡುತ್ತಿದ್ದಾಗ ಅವನ ಬೆನ್ನ ಹಿಂದೆ, ಸಾಗರಗಳಾಚೆ, ಅದಕ್ಕಿಂತ ದೊಡ್ಡ ಕಾರಣವೊಂದು ಕೆಲಸ ಮಾಡುತ್ತಿತ್ತು. ದಕ್ಷಿಣದಲ್ಲಿ 1876ರಲ್ಲೇ ತೊಡಗಿದ ಬರವನ್ನು ಮರುವರ್ಷದ ಹಿಮದಿಂದ ವಿವರಿಸುವುದಂತೂ ಸಾಧ್ಯವಿರಲಿಲ್ಲ.

ಹಾಗೆಂದು ಅವನ ಮಾತು ಬರಿದಾಗಲಿಲ್ಲ. ಉಪಗ್ರಹಗಳು ಮೇಲಿನಿಂದ ಭೂಮಿಯ ಬಿಳುಪನ್ನು ಅಳೆಯತೊಡಗಿದ ಮೇಲೆ, 1976ರಲ್ಲಿ ಡಗ್ಲಸ್ ಹಾನ್ ಮತ್ತು ಭಾರತೀಯರಾದ ಜಗದೀಶ ಶುಕ್ಲ ಇಬ್ಬರೂ ಯುರೋಪು ಏಷ್ಯಗಳ ಚಳಿಗಾಲದ ಹಿಮಕ್ಕೂ ಭಾರತದ ಮುಂಗಾರಿಗೂ ಅದೇ ಬಗೆಯ ವಿಲೋಮ ಸಂಬಂಧವನ್ನು ತೋರಿಸಿದರು. ಆ ಸಂಬಂಧವು ಎಲ್ಲ ಕಾಲದಲ್ಲಿಯೂ ಒಂದೇ ಸಮನಾಗಿ ನಿಲ್ಲುವುದಿಲ್ಲವೆಂದೂ ಮುಂದೆ ಕಂಡುಬಂದಿತು. ಬ್ಲ್ಯಾನ್‌ಫರ್ಡನು ಹಿಡಿದುದು ನಿಜವಾದ ಎಳೆಯನ್ನೇ; ಅದು ಅವನೆಣಿಸಿದುದಕ್ಕಿಂತ ದೊಡ್ಡ ಬಟ್ಟೆಯ ಒಂದು ಎಳೆಯಾಗಿತ್ತು, ಅಷ್ಟೆ.

ಅವನ ಕಾಲದಲ್ಲಿ ಹಿಮವನ್ನು ಅಳೆಯುವ ಬಗೆಯೇ ಇರಲಿಲ್ಲ. ಈ ವರ್ಷ ಹೆಚ್ಚು, ಆ ವರ್ಷ ಕಡಿಮೆ ಎಂದು ಗಿರಿಧಾಮಗಳ ಅಧಿಕಾರಿಗಳು ಕಣ್ಣಂದಾಜಿನಿಂದ ಬರೆದು ಕಳುಹಿಸುತ್ತಿದ್ದರು. ಹಿಮದ ರಾಶಿಯೊಳಕ್ಕೆ ಕೊಳವೆಯನ್ನು ಇಳಿಸಿ, ಒಳಗೆ ಸಿಕ್ಕಿದ ಹಿಮವನ್ನು ತೂಗಿ, ಅದರಲ್ಲಿರುವ ನೀರೆಷ್ಟೆಂದು ಹೇಳುವ ಉಪಾಯವನ್ನು 20ನೆಯ ಶತಮಾನದ ಆರಂಭದಲ್ಲಿ ಬಳಕೆಗೆ ತಂದವನು ಅಮೆರಿಕದ ನೆವಾಡದ ಜೇಮ್ಸ್ ಎಡ್ವರ್ಡ್ ಚರ್ಚ್. ಆತನು ವೃತ್ತಿಯಿಂದ ಗ್ರೀಕ್ ಲ್ಯಾಟಿನ್ ಸಾಹಿತ್ಯಗಳ ಪ್ರಾಧ್ಯಾಪಕನೆಂಬುದು ಸಾಹಿತ್ಯದ ವಿದ್ಯಾರ್ಥಿಗಳಿಗೆ ಹೆಮ್ಮೆ ತರುವ ಸಂಗತಿ. ಇಳಿವಯಸ್ಸಿನಲ್ಲಿ, 1947ರಲ್ಲಿ, ಹಿಮಾಲಯದ ಹಿಮವನ್ನು ಅಳೆಯುವ ಕೆಲಸಕ್ಕಾಗಿ ಅವನೂ ಭಾರತಕ್ಕೆ ಬಂದಿದ್ದನು.

ಹೀಗೆ ಅಳೆಯತೊಡಗಿದ ಮೇಲೆ ಹಿಮವು ಒಂದೇ ಬಗೆಯ ಬಿಳಿಯ ಹೊದಿಕೆಯೆಂಬ ಭಾವನೆ ಹೋಯಿತು. ಅದು ಪದರಪದರವಾದ ವಸ್ತು. ಹೊಸದಾಗಿ ಬಿದ್ದ ಹಿಮವು ಹತ್ತಿಯಂತೆ ಹಗುರ. ಕುಸಿದು ನೆನೆದ ಹಳೆಯ ಹಿಮವು ಅದರ ಐದಾರು ಪಟ್ಟು ಭಾರ. ತೆಳುವಾದ ಹಿಮದ ಮೇಲೆ ಕೊರೆಯುವ ಚಳಿ ಬಿದ್ದು ಕೆಳಗಿನ ನೆಲ ಬೆಚ್ಚಗಿದ್ದರೆ, ತಳದ ಹರಳುಗಳು ಒಂದಕ್ಕೊಂದು ಅಂಟದ ಸಕ್ಕರೆಯ ಕಾಳುಗಳಂತಾಗುತ್ತವೆ. ಅದರ ಮೇಲೆ ಬಿರುಗಾಳಿ ತಂದೊಟ್ಟಿದ ಗಟ್ಟಿ ಪದರವು ನಿಂತಾಗ, ಮುವ್ವತ್ತರಿಂದ ನಲವತ್ತೈದು ಅಂಶದಷ್ಟು ಓರೆಯಾದ ಇಳಿಜಾರಿನಲ್ಲಿ, ಒಬ್ಬ ಮನುಷ್ಯನ ಹೆಜ್ಜೆಯ ಭಾರಕ್ಕೇ ಇಡೀ ಹಲಗೆಯು ಕಳಚಿ ಜಾರಬಹುದು. ಹಿಮಕುಸಿತದ ಒಂದು ಬಗೆ ಇದು. ಇನ್ನೊಂದು ಬಗೆ ಬಿಸಿಯಿಂದ ಬರುತ್ತದೆ. ಸಾವಕಾಶವಾದ ಮೆಲುಬಿಸಿಯು ಹಿಮವನ್ನು ಅಮರಿಸಿ ಗಟ್ಟಿಮಾಡುತ್ತದೆ. ಆದರೆ ಬಿಸಿ ಒಮ್ಮೆಲೆ ಏರಿದರೆ, ಇಲ್ಲವೆ ಹಿಮದ ಮೇಲೆ ಮಳೆಯೇ ಸುರಿದರೆ, ನೀರು ಪದರಗಳೊಳಕ್ಕೆ ಇಳಿದು ಅವುಗಳ ಬೆಸುಗೆಯನ್ನು ಬಿಡಿಸುತ್ತದೆ. ನೆನೆದ ಹಿಮವು ಕೆಸರಿನಂತೆ ಕಣಿವೆಗೆ ಇಳಿಯುತ್ತದೆ.

ಇಂದು ಹಿಮಾಲಯ ಬೆಚ್ಚಗಾಗುತ್ತಿದೆ. 2011ರಿಂದ 2020ರವರೆಗಿನ ದಶಕದಲ್ಲಿ ಹಿಂದೂಕುಷ್ ಹಿಮಾಲಯದ ಹಿಮನದಿಗಳು ಅದರ ಹಿಂದಿನ ದಶಕಕ್ಕಿಂತ ನೂರಕ್ಕೆ ಅರುವತ್ತೈದರಷ್ಟು ಹೆಚ್ಚು ವೇಗದಿಂದ ಕರಗಿವೆಯೆಂದು 2023ರಲ್ಲಿ ಪ್ರಕಟವಾದ ವರದಿಯೊಂದು ಲೆಕ್ಕ ಕೊಟ್ಟಿದೆ. ಮಳೆಯು ಹಿಮವಾಗುವ ಎತ್ತರದ ಗೆರೆ ಮೇಲಕ್ಕೆ ಸರಿಯುತ್ತಿದೆ. ಹಿಮ ಕಡಿಮೆಯಾದರೆ ಕುಸಿತವೂ ಕಡಿಮೆಯಾಗಬೇಕಲ್ಲವೆ ಎಂದು ಕೇಳಬಹುದು. ಕೆಳಗಣ ಇಳಿಜಾರುಗಳಲ್ಲಿ ಅದು ನಿಜವಾಗಲೂಬಹುದು. ಆದರೆ ಹಿಮಾಚಲ ಪ್ರದೇಶದಲ್ಲಿ ಹಿಮಕುಸಿತದಿಂದ ಗಾಯಗೊಂಡ ಮರಗಳ ವಾರ್ಷಿಕ ಉಂಗುರಗಳನ್ನು ಪರೀಕ್ಷಿಸಿ, ನೂರೈವತ್ತು ವರ್ಷಗಳ ಚರಿತ್ರೆಯನ್ನು ಓದಿದ ಸಂಶೋಧಕರು, ಈಚಿನ ದಶಕಗಳಲ್ಲಿ ಕುಸಿತಗಳು ಹೆಚ್ಚಿವೆಯೆಂದೂ ಚಳಿಗಾಲ ಮತ್ತು ವಸಂತದ ಆರಂಭದ ಬಿಸಿ ಏರಿರುವುದೇ ಅದಕ್ಕೆ ಕಾರಣವೆಂದೂ 2018ರಲ್ಲಿ ತೋರಿಸಿದ್ದಾರೆ.

ಬೆಟ್ಟದ ಈ ಸುದ್ದಿಯು ನಮಗೆ ದೂರದ್ದಲ್ಲವೆಂಬುದನ್ನು ಕನ್ನಡನಾಡು ಕಣ್ಣೀರಿನಿಂದ ಕಲಿತಿದೆ. 2016ರ ಫೆಬ್ರವರಿ 3ರಂದು ಸಿಯಾಚಿನ್‌ನಲ್ಲಿ, ಹತ್ತೊಂಬತ್ತು ಸಾವಿರ ಅಡಿಗಳಿಗೂ ಮೇಲಣ ಕಾವಲುನೆಲೆಯೊಂದರ ಮೇಲೆ ಹಿಮವು ಕುಸಿದು ಹತ್ತು ಮಂದಿ ಯೋಧರು ಹೂತುಹೋದರು. ಧಾರವಾಡ ಜಿಲ್ಲೆಯ ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರು ಆರನೆಯ ದಿನ ಆ ರಾಶಿಯ ಅಡಿಯಿಂದ ಜೀವಸಹಿತ ಹೊರಬಂದಾಗ ನಾಡೆಲ್ಲ ಉಸಿರು ಬಿಗಿಹಿಡಿದು ಕಾಯಿತು. ಫೆಬ್ರವರಿ 11ರಂದು ದೆಹಲಿಯ ಆಸ್ಪತ್ರೆಯಲ್ಲಿ ಅವರು ಕೊನೆಯುಸಿರೆಳೆದರು. ಆ ಒಂದು ಕುಸಿತಕ್ಕೆ ಜಗತ್ತಿನ ಬಿಸಿಯೇ ಕಾರಣವೆಂದು ಹೇಳಲು ಆಧಾರವಿಲ್ಲ. ಹಿಮವೇ ಬೀಳದ ಕರಿಮಣ್ಣಿನ ಹಳ್ಳಿಯೊಂದು ಹಿಮಕ್ಕೆ ತನ್ನ ಮಗನನ್ನು ತೆತ್ತಿತೆಂಬುದಷ್ಟು ಮಾತ್ರ ದಿಟ.

ಬ್ಲ್ಯಾನ್‌ಫರ್ಡನು ನಮಗೆ ಬಿಟ್ಟುಹೋದುದು ಒಂದು ಸೂತ್ರಕ್ಕಿಂತ ಹೆಚ್ಚಾಗಿ ಒಂದು ನೋಟವನ್ನು. ಬೆಟ್ಟದ ಮೇಲಣ ಬಿಸಿಯೂ ಚಳಿಯೂ ಬೆಟ್ಟದಲ್ಲಿಯೇ ಮುಗಿಯುವುದಿಲ್ಲ. ಅದರ ಲೆಕ್ಕವನ್ನು ಬಯಲಿನವರೂ ಇಟ್ಟಿರಬೇಕೆಂದು ಅವನು ಕಲಿಸಿದನು. ಅವನ ಕಾಲದಲ್ಲಿ ಭಯವಿದ್ದುದು ಅತಿಯಾದ ಹಿಮದಿಂದ. ಇಂದು ಚಿಂತೆಯಿರುವುದು ಹಿಮವು ಅಕಾಲದಲ್ಲಿ ಕರಗಿ, ಅಕಾಲದಲ್ಲಿ ಜಾರುವುದರಿಂದ. ಉತ್ತರಗಳು ಬದಲಾದವು, ಕೇಳಬೇಕಾದ ಪ್ರಶ್ನೆ ಬದಲಾಗಲಿಲ್ಲ. ಮುಂದಿನ ಬೇಸಿಗೆಯ ಕೊನೆಯಲ್ಲಿ ಕುಂದಲಹಳ್ಳಿಯ ಏರಿಯ ಮೇಲೆ ನಿಂತು ಪಡುವಣ ಮುಗಿಲನ್ನು ನೋಡುವವರು, ಒಂದು ಗಳಿಗೆ ಬಡಗಣ ದಿಕ್ಕಿಗೂ ಮುಖ ತಿರುಗಿಸಿದರೆ, ನೂರ ನಲವತ್ತು ವರ್ಷಗಳ ಹಿಂದೆ ಅತ್ತ ಕಡೆ ನೋಡುತ್ತ ನಮ್ಮ ಮಳೆಯನ್ನು ಎಣಿಸಲು ಹೊರಟ ಆ ಉಪಾಧ್ಯಾಯನ ಋಣವನ್ನು ಅಷ್ಟಾದರೂ ತೀರಿಸಿದಂತಾದೀತು.